ಗೆಳೆತನಕ್ಕೆ ಕನಿಕರ ಸಾಲದು



ಡೊಂಬಿವಲಿ ನಿಲ್ದಾಣದಲ್ಲಿ ಲೋಕಲ್ ಗಾಡಿ ಎಷ್ಟು ಹೊತ್ತು ನಿಲ್ಲುವುದೆಂದು ನೀವು ಬಲ್ಲಿರಿ. ಈಚೆಗೆ ಒಂದು ಸಂಜೆ ಅಲ್ಲಿ ಊರುಗೋಲಿನ ಹುಡುಗನೊಬ್ಬನು ಅಂಗವಿಕಲರ ಡಬ್ಬಿ ಬಂದು ನಿಲ್ಲುವ ಸ್ಥಳದಲ್ಲಿ ನಿಂತಿದ್ದನು. ಗಾಡಿ ಬಂದಿತು, ಅವನು ಹತ್ತಲಿಲ್ಲ. ಸೇತುವೆಯ ಮೆಟ್ಟಿಲುಗಳನ್ನು ಕೋಲಿನಿಂದ ತಡವುತ್ತ ಇಳಿಯುತ್ತಿದ್ದ, ಕಣ್ಣು ಕಾಣದ ಹುಡುಗಿಯೊಬ್ಬಳಿಗಾಗಿ ಅವನು ಕಾಯುತ್ತಿದ್ದನು. ಇಬ್ಬರಿಗೂ ಹದಿನಾರರ ಆಸುಪಾಸಿನ ವಯಸ್ಸು. ಅವಳು ಬಂದ ಮೇಲೆ ಇಬ್ಬರೂ ಏನನ್ನೋ ಹೇಳಿಕೊಂಡು ಮನಸಾರೆ ನಕ್ಕರು. ನಮ್ಮ ಪಕ್ಕದಲ್ಲಿದ್ದವರೊಬ್ಬರು "ಪಾಪ!" ಎಂದರು. ಇನ್ನೊಬ್ಬರು "ಇಂಥವರಿಗೂ ಇದೆಲ್ಲ ಬೇಕೆ?" ಎಂದು ನಕ್ಕರು.

ಮೊದಲನೆಯ ಮಾತು ಮೃದು, ಎರಡನೆಯದು ಕಟು. ಆದರೂ ಎರಡರ ಬೇರೂ ಒಂದೇ ಎಂಬುದು ನಮ್ಮ ಅಭಿಪ್ರಾಯ. ದೇಹದಲ್ಲಿ ಕೊರತೆಯುಳ್ಳವರ ಮನಸ್ಸಿಗೆ ಹರೆಯವೇ ಬಾರದೆಂದು ಜನರು ತಿಳಿದಂತಿದೆ.

ಹಾಗಲ್ಲವೆಂಬುದಕ್ಕೆ ನಮ್ಮ ನೆರೆಯ ಮುಂಬಯಿಯಲ್ಲಿಯೇ ಸಾಕ್ಷ್ಯವಿದೆ. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿಯುಳ್ಳ ಮಾಲಿನಿ ಚಿಬ್ ಅವರು ಒಂದೇ ಬೆರಳಿನಿಂದ ಟೈಪು ಮಾಡಿ ತಮ್ಮ ಆತ್ಮಕಥೆಯನ್ನು ಬರೆದರು. ಆ ಪುಸ್ತಕದ ಹೆಸರು 'ಒನ್ ಲಿಟಲ್ ಫಿಂಗರ್'. ಓದು, ಉದ್ಯೋಗಗಳ ಜೊತೆಗೆ ತಾರುಣ್ಯದ ಒಂಟಿತನವನ್ನೂ ಪ್ರೀತಿಯ ಹಂಬಲವನ್ನೂ ಅವರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಕಣ್ಣು ಕಿವಿಗಳೆರಡೂ ಇಲ್ಲದ ಹೆಲೆನ್ ಕೆಲ್ಲರ್ ಅವರನ್ನು ಲೋಕವೆಲ್ಲ ಕೊಂಡಾಡಿತು. ಆದರೆ 1916ರಲ್ಲಿ, ತಮ್ಮ 36ನೆಯ ವಯಸ್ಸಿನಲ್ಲಿ, ಅವರು ಮೆಚ್ಚಿದವನನ್ನು ಮದುವೆಯಾಗಲು ಹೊರಟಾಗ ಮನೆಯವರು ತಡೆದರು. ಇಂದು ಕಾಲ ಬದಲಾಗಿದೆ. 2006ರ ವಿಶ್ವಸಂಸ್ಥೆಯ ಒಡಂಬಡಿಕೆಯು ವಿಕಲಾಂಗರಿಗೂ ವಿವಾಹದ, ಸಂಸಾರದ ಹಕ್ಕುಂಟೆಂದು ಸಾರಿತು. 2007ರಲ್ಲಿ ಭಾರತವೂ ಅದನ್ನು ಒಪ್ಪಿಕೊಂಡಿತು.

ಆದರೆ ಕಾಯದೆಯು ಗೆಳೆಯನನ್ನು ತಂದುಕೊಡಲಾರದು. ಅದು ನಿಮ್ಮ ಕೈಯಲ್ಲಿದೆ. ಇಲ್ಲಿ ನಮ್ಮದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಹಿಂದೆ ಬೇರೊಂದು ಶಾಲೆಯಲ್ಲಿದ್ದಾಗ, ನಡೆಯಲಾರದ ವಿದ್ಯಾರ್ಥಿಯೊಬ್ಬನನ್ನು ಅವನ ಹಿತಕ್ಕೆಂದೇ ಪ್ರವಾಸಕ್ಕೆ ಕರೆದೊಯ್ಯಲಿಲ್ಲ. ಮರುದಿನ ತರಗತಿಯೆಲ್ಲ ಪ್ರವಾಸದ ಸುದ್ದಿಯಲ್ಲಿ ಮುಳುಗಿದ್ದಾಗ ಅವನು ಕಿಟಕಿಯ ಕಡೆಗೆ ಮುಖಮಾಡಿ ಕುಳಿತಿದ್ದನು. ನಾವು ಅವನ ಕಾಲನ್ನು ಕಾಪಾಡಿದ್ದೆವು, ಗೆಳೆಯರನ್ನು ಕಸಿದುಕೊಂಡಿದ್ದೆವು.

ಆದುದರಿಂದ ನಿಮ್ಮಲ್ಲಿ ನಮ್ಮ ವಿನಂತಿ ಇಷ್ಟೇ. ಅಂತಹ ಸಹಪಾಠಿಯ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಸಹಾಯಕ್ಕೆ ಮಾತ್ರವಲ್ಲ, ಹರಟೆಗೆ, ಆಟಕ್ಕೆ, ಬೇಕಾದರೆ ಜಗಳಕ್ಕೂ. ಅವರಲ್ಲಿ ಯಾರಿಗಾದರೂ ಯಾರ ಮೇಲಾದರೂ ಮನಸ್ಸಾದರೆ ನಗಬೇಡಿರಿ. ಅದನ್ನು ಊರೆಲ್ಲ ಡಂಗುರ ಸಾರಬೇಡಿರಿ. ಪರಸ್ಪರ ಒಪ್ಪಿಗೆ, ಸಂಯಮ, ಹಿರಿಯರಲ್ಲಿ ವಿಶ್ವಾಸ—ನಿಮಗಿರುವ ನೀತಿಯೇ ಅವರಿಗೂ ಇರಲಿ. ಹೆಚ್ಚಿನ ಕಟ್ಟಳೆಯೂ ಬೇಡ, ಹೆಚ್ಚಿನ ಮರುಕವೂ ಬೇಡ.

ಅಂದು ಆ ಹುಡುಗನು ಒಂದು ಗಾಡಿಯನ್ನು ಬಿಟ್ಟನು. ನೂಕುನುಗ್ಗಲಿನ ಈ ನಗರದಲ್ಲಿ ಇನ್ನೊಬ್ಬರಿಗಾಗಿ ಒಂದು ಗಾಡಿಯನ್ನು ಬಿಡಬಲ್ಲವರು ನಮ್ಮಲ್ಲಿ ಎಷ್ಟು ಜನರಿದ್ದಾರೆ?