ಕುಲುಮೆಗೆ ಗೌರವ ಬೇಕು

ದೊಡ್ಡ ಉದ್ಯಮಕ್ಕೆ ದೊಡ್ಡ ಬಂಡವಾಳವೇ ಮೂಲವೆಂದು ಅನೇಕರು ತಿಳಿಯುತ್ತಾರೆ. ಆದರೆ ಅದರ ಬೇರು ಇರುವುದು ಕುಶಲಿಗಳ ಕೈಯಲ್ಲಿ.

1843ರಲ್ಲಿ ಅಮೆರಿಕೆಯ ನ್ಯೂ ಬ್ರಿಟನ್ ಪಟ್ಟಣದಲ್ಲಿ ಫ್ರೆಡರಿಕ್ ಸ್ಟ್ಯಾನ್ಲಿ ಎಂಬಾತನು ಬಾಗಿಲಿನ ಅಗುಳಿಗಳನ್ನು ಮಾಡುವ ಚಿಕ್ಕ ಕಾರ್ಯಾಗಾರವನ್ನು ತೆರೆದನು. 1852ರಲ್ಲಿ ಸೋದರನೊಡನೆಯೂ ಇತರ ಕೆಲವರೊಡನೆಯೂ ಸೇರಿ ಕಂಪನಿಯೊಂದನ್ನು ಕಟ್ಟಿದನು. 1920ರಲ್ಲಿ ಅಳತೆಪಟ್ಟಿ, ಉಜ್ಜುಗೊರಡುಗಳನ್ನು ತಯಾರಿಸುತ್ತಿದ್ದ ಮತ್ತೊಂದು ಸಂಸ್ಥೆ ಅದರೊಡನೆ ಕೂಡಿತು. ಸ್ಟ್ಯಾನ್ಲಿಯ ಕೈಸಲಕರಣೆಗಳು ಜಗತ್ತಿನಲ್ಲೆಲ್ಲ ಹೆಸರಾದವು.

ಅದೇ ಶತಮಾನದಲ್ಲಿ ಹುಣಸೂರಿನಲ್ಲಿಯೂ ಸರ್ಕಾರದ ಕಾರ್ಯಾಗಾರಗಳಿದ್ದವು. ಸೈನ್ಯಕ್ಕೆ ಬೇಕಾದ ಗಾಡಿ, ಚರ್ಮದ ಸಾಮಾನು, ಕಂಬಳಿಗಳು ಅಲ್ಲಿ ತಯಾರಾಗುತ್ತಿದ್ದವು. 1864ರಲ್ಲಿ ಅವು ಮುಚ್ಚಿದವು. ಆದರೂ ಕಸುಬು ಅಳಿಯಲಿಲ್ಲ. ಊರಿನ ಕುಶಲಿಗಳು ಮಾಡಿದ ಗಾಡಿ, ಪಾದರಕ್ಷೆಗಳು ಬಹುಕಾಲ ಪ್ರಸಿದ್ಧವಾಗಿದ್ದವು. ಕುಶಲತೆ ಇತ್ತು, ಅದನ್ನು ಕೂಡಿಸಿ ಬೆಳೆಸುವ ಸಂಸ್ಥೆ ಇರಲಿಲ್ಲ.

ಕೃಷ್ಣರಾಜನಗರದ ಗದ್ದೆಗೆ ಕುಡುಗೋಲು ಬೇಕು. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಕ್ಕೆ ಗುದ್ದಲಿ ಬೇಕು. ಹೆಗ್ಗಡದೇವನಕೋಟೆಯ ರೈತನಿಗೆ ಮಚ್ಚು ಬೇಕು. ಕಾರ್ಖಾನೆಯ ಸಲಕರಣೆ ಅಗ್ಗವೆಂಬುದು ನಿಜ. ಆದರೆ ನೆಲದ ಗುಣವನ್ನೂ ಹಿಡಿಯುವ ಕೈಯ ಅಳತೆಯನ್ನೂ ಬಲ್ಲವನು ಊರಿನ ಕಮ್ಮಾರ. ಕಾದ ಕಬ್ಬಿಣದ ಬಣ್ಣವನ್ನು ನೋಡಿಯೇ ಹದವರಿತು ಅದನ್ನು ನೀರಿಗೆ ಅದ್ದುವ ಅವನ ವಿದ್ಯೆ ಯಾವ ಪದವಿಗೂ ಕಡಿಮೆಯಲ್ಲ.

ಅಂಥವರು ಸಹಕಾರ ಸಂಘಗಳಲ್ಲಿ ಒಂದುಗೂಡಬೇಕು. ಅವರಿಗೆ ಸಾಲ, ಒಳ್ಳೆಯ ಉಕ್ಕು, ಮಾರುಕಟ್ಟೆ ದೊರೆಯಬೇಕು. ಎಲ್ಲಕ್ಕಿಂತ ಮೊದಲು ಗೌರವ ದೊರೆಯಬೇಕು. ಮಸಿ ಹಿಡಿದ ಕೈಯನ್ನು ಕೀಳೆಂದು ಕಾಣುವ ಊರಿನಲ್ಲಿ ಕಮ್ಮಾರನ ಮಗನೇ ಕುಲುಮೆಯನ್ನು ಆರಿಸಿ ಹೊರಟುಹೋಗುತ್ತಾನೆ.