ಕೈಯಲ್ಲೊಂದು ಹೆಚ್ಚಿನ ದಿನ

ಹಣವಂತರು ವಿಹಾರಕ್ಕೆಂದು ಕೆರಿಬಿಯನ್ ದ್ವೀಪಗಳಿಗೆ ಹೋಗುತ್ತಾರಂತೆ. ಬೇಗಂ ಬಜಾರಿನ ನಮಗೆ ಸಾಗರವೆಂದರೆ ಹುಸೇನ್ ಸಾಗರವೇ. ಆದರೆ ಕನ್ನಡ ನಾಡಿಗೂ ದ್ವೀಪಗಳುಂಟಲ್ಲ! ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕಲಬುರ್ಗಿಯ ಅಜ್ಜಿಯ ಬಳಿ ಬಿಟ್ಟು, ಅಂಗಡಿಗೆ ಬೀಗ ಹಾಕಿ, ದಂಪತಿಗಳು ಮಲ್ಪೆಗೆ ಹೊರಟೆವು.

ದಾರಿಯಲ್ಲಿ ಬಸ್ಸು ಕೆಟ್ಟಿತು. ಐದು ಗಂಟೆ ಹುಣಸೆಮರದ ನೆರಳೇ ಗತಿ. ಮಲ್ಪೆ ಮುಟ್ಟಿದಾಗ ಗಾಳಿ ಎದ್ದಿತ್ತು, ದೋಣಿ ಬಿಡಲಿಲ್ಲ. ಒಂದು ದಿನ ಹೆಚ್ಚಿಗೆ ಇಟ್ಟುಕೊಂಡಿದ್ದೆವಾದ್ದರಿಂದ ದಡದಲ್ಲೇ ಕುಳಿತೆವು. ಮದುವೆಯಾಗಿ 22 ವರ್ಷ. ಗಿರಾಕಿ, ಮಕ್ಕಳು, ನೆಂಟರು ಯಾರೂ ನಡುವೆ ಬಾರದೆ ನಾವಿಬ್ಬರೇ ಕುಳಿತು ಮಾತನಾಡಿದ್ದು ಅಂದೇ.

ಮರುದಿನ ಸೇಂಟ್ ಮೇರೀಸ್ ದ್ವೀಪ ಕಂಡೆವು. ದಡದ ತುಂಬ ಚಿಪ್ಪು. ಅದರಾಚೆ ಕಡೆದಿಟ್ಟಂಥ ಕಲ್ಲಿನ ಕಂಬಗಳು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದಲ್ಲಿ, ಉಕ್ಕಿದ ಲಾವಾರಸ ತಣಿಯುತ್ತ ಬಿರಿದು ಹೀಗಾಯಿತು. “ನಮ್ಮ ಬಜಾರಿನಲ್ಲಿ ಕೊಳಗ ಪೇರಿಸಿಟ್ಟ ಹಾಗಿದೆ!” ಎಂದಳು ನಮ್ಮಾಕೆ.

ವಾಚಕ ಬಂಧುಗಳೇ, ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಇಲ್ಲ. ಉಳಿದ ಕಾಲದಲ್ಲಿ ಹೋಗಿಬನ್ನಿ. ಬುತ್ತಿಯ ಜೊತೆಗೆ ಹೆಚ್ಚಿನದೊಂದು ದಿನವನ್ನೂ ಗಂಟು ಕಟ್ಟಿಕೊಳ್ಳಿ.