‘ಜುಲೈ ಹದಿನಾಲ್ಕು’ ಹಗುರ ಚಿತ್ರವೇ?

ಫ್ರೆಂಚ್ ಚಲಚ್ಚಿತ್ರಗಳ ಮಾತು ಬಂತೆಂದರೆ ನಮ್ಮ ಪ್ರಗತಿಪರ ಪಂಡಿತರು ರೆನೆ ಕ್ಲೇರನ ಹೆಸರೆತ್ತುತ್ತಾರೆ. ಕೂಡಲೇ ೧೯೩೧ರ ‘ಆ ನೂ ಲಾ ಲಿಬೆರ್ತೆ’ಯನ್ನು ಕೊಂಡಾಡುತ್ತಾರೆ. ಗ್ರಾಮಫೋನ್ ಕಾರ್ಖಾನೆಗೂ ಸೆರೆಮನೆಗೂ ಭೇದವೇನೆಂದು ಕೇಳಿದ ಚಿತ್ರ ಅದು. ಕೊಂಡಾಡಲಿ, ನಮ್ಮ ತಕರಾರಿಲ್ಲ. ಆದರೆ ಅದರ ಹಿಂದೆಯೇ, ೧೯೩೩ರಲ್ಲಿ, ಅದೇ ಕ್ಲೇರ್ ಜನರ ಮುಂದಿಟ್ಟ ‘ಜುಲೈ ಹದಿನಾಲ್ಕು’ ಚಿತ್ರವನ್ನು ‘ಬರೀ ಪ್ರೇಮದ ಕಥೆ’ ಎಂದು ಮೂಲೆಗೆ ತಳ್ಳುವುದೇಕೆ? ಈ ತೀರ್ಪನ್ನು ನಾವು ಒಪ್ಪುವುದಿಲ್ಲ.

ಕಥೆ ಇಷ್ಟು. ಅನ್ನಾ ಹೂ ಮಾರುವ ಹುಡುಗಿ. ಝಾನ್ ಟ್ಯಾಕ್ಸಿ ಓಡಿಸುವವನು. ಇಬ್ಬರದೂ ಪ್ಯಾರಿಸ್ಸಿನ ಒಂದೇ ಬಡವರ ಓಣಿ. ಹಬ್ಬದ ಹಿಂದಿನ ರಾತ್ರಿ ಬೀದಿಯಲ್ಲಿ ಕುಣಿತ. ಮಳೆ ಬರುತ್ತದೆ, ಪ್ರೇಮ ಮೊಳೆಯುತ್ತದೆ. ಅಷ್ಟರಲ್ಲಿ ಹಳೆಯ ಗೆಳತಿ ಪೋಲಾ ಝಾನನ ಕೋಣೆಗೆ ಬಂದು ತಳವೂರುತ್ತಾಳೆ, ಅನ್ನಾ ಮುನಿಯುತ್ತಾಳೆ. ಅವಳ ತಾಯಿ ತೀರಿಕೊಳ್ಳುತ್ತಾಳೆ. ಝಾನ್ ಕಳ್ಳರ ಸಹವಾಸಕ್ಕೆ ಬೀಳುತ್ತಾನೆ; ಅವರು ದೋಚಲು ಹೊರಟ ಹೋಟೆಲಿನಲ್ಲೇ ಅನ್ನಾ ಕೆಲಸಕ್ಕಿರುತ್ತಾಳೆ. ಕೊನೆಗೊಂದು ದಿನ ಝಾನನ ಟ್ಯಾಕ್ಸಿ ಅನ್ನಾಳ ಹೂವಿನ ಗಾಡಿಗೆ ಡಿಕ್ಕಿ ಹೊಡೆಯುತ್ತದೆ. ಜನ ಸೇರಿ ಜಗಳವಾಡುತ್ತಿರುವಾಗಲೇ ಮತ್ತೆ ಮಳೆ. ಅವರಿಬ್ಬರೂ ಮತ್ತೆ ಒಂದಾಗುತ್ತಾರೆ.

“ಇದರಲ್ಲಿ ಹೋರಾಟವೆಲ್ಲಿದೆ? ಹಿಟ್ಲರ್ ಗದ್ದುಗೆ ಏರಿದ ವರ್ಷದಲ್ಲಿ ಕುಣಿತವೇ?” ಎಂದು ಪಂಡಿತರು ಕೇಳುತ್ತಾರೆ. ಪ್ರಶ್ನೆ ಗಂಭೀರವಾದುದೇ. ಉತ್ತರವೂ ಇದೆ.

ಜುಲೈ ೧೪ ಎಂದರೆ ಯಾವ ದಿನ? ೧೭೮೯ರಲ್ಲಿ ಪ್ಯಾರಿಸ್ಸಿನ ಜನ ಬಾಸ್ತೀ ಕೋಟೆಯನ್ನು ಮುರಿದ ದಿನ. ೧೮೮೦ರಲ್ಲಿ ಅದು ರಾಷ್ಟ್ರೀಯ ಹಬ್ಬವಾಯಿತು. ಸರ್ಕಾರ ಆ ದಿನ ಸೈನ್ಯದ ಮೆರವಣಿಗೆ ನಡೆಸುತ್ತದೆ. ಕ್ಲೇರ್ ಕ್ಯಾಮರಾವನ್ನು ಒಯ್ದುದು ಓಣಿಗೆ. ಕಾಗದದ ದೀಪ ಕಟ್ಟುವವರ, ಕಿಟಕಿಯಿಂದ ಇಣುಕುವವರ ನಡುವೆ. ಕೋಟೆ ಮುರಿದವರ ಮಕ್ಕಳು ಮೊಮ್ಮಕ್ಕಳು ಯಾರೆಂದು ಭಾಷಣವಿಲ್ಲದೆ ತಿಳಿಸಿದ. ಇದು ರಾಜಕೀಯವಲ್ಲವೇ?

ಆಗ ಫ್ರಾನ್ಸಿನ ಕಾರ್ಮಿಕರೆಲ್ಲರಿಗೂ ವರ್ಷಕ್ಕಿಷ್ಟು ದಿನ ಸಂಬಳ ಸಹಿತ ರಜೆ ಕೊಡಬೇಕೆಂಬ ಕಾನೂನು ಇರಲಿಲ್ಲ. ದುಡಿಯುವ ಹುಡುಗ ದುಡಿಯುವ ಹುಡುಗಿಯ ಕೈ ಹಿಡಿದು ಕುಣಿಯಬೇಕಾದರೆ ಹಬ್ಬವೇ ಬರಬೇಕು. ಧಣಿಯ ಮಗನಿಗೆ ಪ್ರೇಮಿಸಲು ವರ್ಷವೆಲ್ಲ ಪುರುಸೊತ್ತು. ಟ್ಯಾಕ್ಸಿಯವನಿಗೆ ಒಂದು ರಾತ್ರಿ! ಆ ರಾತ್ರಿ ಕೆಟ್ಟರೆ ಬದುಕೇ ಕೆಡುತ್ತದೆ. ಈ ಪ್ರೇಮಕ್ಕಿರುವ ಆತಂಕ ಅದು. ಇದನ್ನು ಹಗುರವೆನ್ನುವವರು ಎಂದಾದರೂ ರಜೆಗಾಗಿ ಮೇಸ್ತ್ರಿಯ ಮುಂದೆ ನಿಂತಿದ್ದಾರೆಯೇ?

ಮೂರು ವರ್ಷ ಕಳೆಯಿತು. ೧೯೩೬ರ ಮೇ, ಜೂನ್ ತಿಂಗಳಲ್ಲಿ ಫ್ರಾನ್ಸಿನ ಕಾರ್ಮಿಕರು ಕಾರ್ಖಾನೆಗಳ ಒಳಗೇ ಕುಳಿತು ಮುಷ್ಕರ ಹೂಡಿದರು. ಅಕಾರ್ಡಿಯನ್ ನುಡಿಸಿದರು, ಯಂತ್ರಗಳ ಮಗ್ಗುಲಲ್ಲೇ ಕುಣಿದರು. ಆ ಬೇಸಿಗೆಯಲ್ಲಿ ಗೆದ್ದುದು ವಾರಕ್ಕೆ ೪೦ ಗಂಟೆಯ ದುಡಿಮೆ ಮತ್ತು ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ. ಚಿತ್ರ ಮುಷ್ಕರ ಮಾಡಿಸಿತೆಂದು ನಾವು ಹೇಳುತ್ತಿಲ್ಲ. ಓಣಿಯ ಕುಣಿತದಲ್ಲಿ ಕ್ಲೇರ್ ಕಂಡ ಹಸಿವು ಸುಳ್ಳಾಗಿರಲಿಲ್ಲ, ಅಷ್ಟೇ.

ಇನ್ನು ಕಸುಬಿನ ಮಾತು. ಮೂಕಿ ಚಿತ್ರಗಳಲ್ಲಿ ಪಳಗಿದ ಕ್ಲೇರ್ ವಾಕ್ಚಿತ್ರವನ್ನು ಮೊದಲು ಅನುಮಾನದಿಂದಲೇ ನೋಡಿದವನು. ಪಾತ್ರಗಳು ಹಗಲಿರುಳು ವಟಗುಟ್ಟಿದರೆ ಸಿನಿಮಾ ನಾಟಕವಾದೀತೆಂಬ ಭಯ. ಆದ್ದರಿಂದ ಇಲ್ಲಿ ಮಾತು ಕಡಿಮೆ. ಮಾರಿಸ್ ಝೋಬೇರನ ವಾಲ್ಟ್ಜ್ ರಾಗ, ಬೀದಿಯ ಗದ್ದಲ, ಇವೇ ಹೃದಯದ ಮಾತನ್ನಾಡುತ್ತವೆ. ಲಝಾರ್ ಮೆರ್ಸೋನ್ ಆ ಓಣಿಯನ್ನು ಸ್ಟುಡಿಯೋದಲ್ಲೇ ಕಟ್ಟಿಸಿದ; ನೋಡಿದವರಿಗೆ ಅಲ್ಲಿ ಮನೆ ಬಾಡಿಗೆ ಹಿಡಿಯೋಣ ಎನಿಸುತ್ತದೆ! ಅನ್ನಾ ಆಗಿ ಅನ್ನಾಬೆಲ್ಲಾ ಅತ್ತು ಕರೆದು ರಂಪ ಮಾಡುವುದಿಲ್ಲ. ಬಡವರ ಮನೆಯ ಹುಡುಗಿಯಂತೆ ದುಃಖ ನುಂಗಿ ಕೆಲಸಕ್ಕೆ ಹೊರಡುತ್ತಾಳೆ.

ಕಾರ್ಮಿಕ ತೆರೆಯ ಮೇಲೆ ಬಂದರೆ ಮುಷ್ಟಿ ಬಿಗಿದೇ ಬರಬೇಕೆಂದು ವಿಧಿಸುವವರು ಅವನನ್ನು ಗೌರವಿಸುವುದಿಲ್ಲ. ಅರ್ಧ ಮನುಷ್ಯನನ್ನಾಗಿ ಮಾಡುತ್ತಾರೆ. ಕೂಲಿಗಾಗಿ ಕಾದುವವನು ಕಾದುವುದು ಬದುಕುವುದಕ್ಕಾಗಿ. ಆ ಬದುಕಿನಲ್ಲಿ ಹೂವು, ಹಾಡು, ಮಳೆಯಲ್ಲಿ ನೆನೆದ ಹುಡುಗಿ ಎಲ್ಲವೂ ಸೇರಿವೆ. ‘ಜುಲೈ ಹದಿನಾಲ್ಕು’ ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ನೋಡಿದ ಮೇಲೆ ಅದು ಹಗುರವೋ ಭಾರವೋ ನೀವೇ ತೂಗಿ ಹೇಳಿ. ಪಂಡಿತರ ತಕ್ಕಡಿ ನಮಗೆ ಬೇಡ.